ಮಾತಿಲ್ಲದ ನಿಮಿಷಗಳ ದರ

೧೨ ಮಾರ್ಚ್, ಗುರುವಾರ ಬೆಳಿಗ್ಗೆ

ಪ್ರೀತಿಯ ಅಕ್ಕನಿಗೆ,

…ಬೆಲೆಯನ್ನು ಬಾಗಿಲಲ್ಲೇ ಇಳಿಸುವವನ ಸರಕನ್ನು ಯಾರೂ ಮುಟ್ಟಿ ನೋಡುವುದಿಲ್ಲ ಅಂತಲೋ, ಮುಟ್ಟಿ ನೋಡಿದರೂ ನಂಬುವುದಿಲ್ಲ ಅಂತಲೋ, ನೀನು ಹೇಳಿದ್ದು ಎರಡರಲ್ಲಿ ಯಾವುದು? ಮೂರು ದಿನದಿಂದ ನೆನಪಿಸಿಕೊಳ್ಳುತ್ತಿದ್ದೇನೆ. ನೀನು ಚಪ್ಪಲಿ ಮೆಟ್ಟಿಕೊಳ್ಳುತ್ತಾ ಹೇಳಿದೆ ಎಂಬುದಷ್ಟೇ ಖಚಿತ. ಊರಿನವರೆಲ್ಲರ ಮಾತನ್ನು ಅಕ್ಷರ ಬಿಡದೆ ಬರೆದುಕೊಡುವವನಿಗೆ ಒಡಹುಟ್ಟಿದವಳ ಮಾತು ಅರ್ಧಂಬರ್ಧ ನೆನಪಿದೆ ಎಂದರೆ ನೀನು ನಗುತ್ತೀಯ. ನಗು, ಪರವಾಗಿಲ್ಲ.

ನಿನ್ನ ಪತ್ರಕ್ಕೆ ನಾಲ್ಕು ತಿಂಗಳು ಉತ್ತರ ಬರೆಯಲಿಲ್ಲ. ಕೆಲಸ ಇತ್ತು ಎಂದರೆ ಸುಳ್ಳಾಗುತ್ತದೆ. ಅದರಲ್ಲಿ ನೀನು ಮೇಜಿನ ದೀಪ ಸರಿಹೋಯಿತೇ ಎಂದು ಮಾತ್ರ ಕೇಳಿದ್ದೆ. ಅಷ್ಟು ಸಣ್ಣ ಪ್ರಶ್ನೆಗೆ ಎಷ್ಟು ದೊಡ್ಡ ಉತ್ತರ ಬರೆಯಬೇಕೋ ತಿಳಿಯದೆ ಉಳಿಸಿಕೊಂಡೆ. ಸರಿಹೋಗಿದೆ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ‘ಹೂಂ’ ಅನ್ನುತ್ತೀಯ. ನಿನ್ನ ಹೂಂಗಳಲ್ಲಿ ಐದಾರು ಬಗೆ ನನಗೆ ಗೊತ್ತು. ಕಳೆದ ಸಲ ಬಂದದ್ದು ಅವುಗಳಲ್ಲಿ ಯಾವುದೂ ಆಗಿರಲಿಲ್ಲ. ಆಮೇಲೆ ಧೈರ್ಯ ಬರಲಿಲ್ಲ.

ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ. ಸುತ್ತಿ ಬಳಸಿ ಹೇಳುವುದು ಹೇಗೂ ಇದ್ದೇ ಇದೆ. ಒಂದು ದೊಡ್ಡ ಕೆಲಸ ಬರುವಂತಿದೆ. ಮುಚ್ಚಿಹೋದ ಗಾಜಿನ ಕಾರ್ಖಾನೆಯನ್ನು ಸಂಗ್ರಹಾಲಯ ಮಾಡುತ್ತಿದ್ದಾರೆ. ಅಲ್ಲಿ ದುಡಿದವರ ಮಾತನ್ನೆಲ್ಲ ರೆಕಾರ್ಡ್ ಮಾಡಿಟ್ಟಿದ್ದಾರೆ, ಒಟ್ಟು ಅರವತ್ತು ಗಂಟೆ. ನಾವಿಬ್ಬರೂ ಆರು ವರ್ಷ ಮಾಡಿದ ಕೆಲಸವೇ: ಕೇಳುವುದು, ಬರೆದುಕೊಡುವುದು. ಸಿಕ್ಕರೆ ಒಂದು ವರ್ಷ ನಿಶ್ಚಿಂತೆ. ದರದ ಸಮೇತ ಅಂದಾಜು ಪಟ್ಟಿಯನ್ನು ಏಪ್ರಿಲ್ ಮೊದಲ ಸೋಮವಾರ ಒಪ್ಪಿಸಬೇಕು. ಆದರೆ ಅರವತ್ತರಲ್ಲಿ ಇಪ್ಪತ್ತು ಗಂಟೆ, ಐದು ಜನ ಹೆಂಗಸರು ಒಟ್ಟಿಗೆ ಕುಳಿತು ಒಬ್ಬರ ಬಾಯಿಂದ ಇನ್ನೊಬ್ಬರು ಮಾತು ಕಿತ್ತುಕೊಂಡು ಆಡಿದ್ದು. ಯಾವ ಮಾತು ಯಾರದು ಎಂದು ಬಿಡಿಸುವುದು ನನ್ನಿಂದ ಆಗದು, ನಿನ್ನಿಂದ ಆಗುತ್ತದೆ. ನೀನು ಒಪ್ಪಿದರೆ ಈ ಕೆಲಸ ಉಂಟು, ಒಪ್ಪದಿದ್ದರೆ ಇಲ್ಲ.

ಸಂಗ್ರಹಾಲಯದ ಮೇಡಂ ಹತ್ತಿರ ಮೊದಲ ಸಲ ಹೋದದ್ದು ಒಂದು ತಿಂಗಳ ಹಿಂದೆ. ಕಾರ್ಖಾನೆಯ ಹಳೆಯ ಹಾಜರಿ ಕೋಣೆಯೇ ಈಗ ಅವರ ಕಚೇರಿ. ಕಿಟಕಿಯ ಒಂದೊಂದು ಗಾಜೂ ಒಂದೊಂದು ದಪ್ಪ. ಹೊರಗೆ ನಡೆದುಹೋಗುವವರು ಒಂದು ಗಾಜಿನಿಂದ ಇನ್ನೊಂದಕ್ಕೆ ದಾಟುವಾಗ ಕುಳ್ಳಗಾಗುತ್ತಾರೆ, ಮತ್ತೆ ಉದ್ದವಾಗುತ್ತಾರೆ. ನಾನು ಅದನ್ನು ನೋಡುತ್ತಾ ಕುಳಿತಿದ್ದೆ. ಅವರು ನನ್ನ ಪಟ್ಟಿಯನ್ನು ಎರಡು ಸಲ ಓದಿದರು. ಓದಲು ಅದರಲ್ಲಿ ಇದ್ದದ್ದು ಒಂದು ಸಾಲು, ಒಂದು ಮೊತ್ತ, ಕೆಳಗೆ ಒಂದು ವಿನಯದ ಮಾತು.

“ಮೂರು ಜನ ಪಟ್ಟಿ ಕೊಟ್ಟಿದ್ದಾರೆ. ನಿಮ್ದೇ ಎಲ್ಲಕ್ಕಿಂತ ಕಡಿಮೆ,” ಎಂದರು.

ನಾನು ಒಳಗೊಳಗೇ ಹಿಗ್ಗಿದೆ.

“ಅದಕ್ಕೇ ನಂಗೆ ಭಯ ಆಗ್ತಿರೋದು. ಇಷ್ಟರಲ್ಲಿ ಹೇಗೆ ಮಾಡ್ತೀರಿ? ಏನನ್ನ ಬಿಟ್ಟುಬಿಡ್ತೀರಿ?”

“ಏನೂ ಬಿಡಲ್ಲ ಮೇಡಂ. ಮಾತಿಲ್ಲದ ನಿಮಿಷಗಳನ್ನ ಕಳೀತೀನಿ, ಅಷ್ಟೆ. ಅದಕ್ಕೆ ದುಡ್ಡು ತಗೊಳಲ್ಲ.”

“ಮಾತಿಲ್ಲ ಅಂತ ಗೊತ್ತಾಗ್ಬೇಕಾದ್ರೆ ಕೂತು ಕೇಳ್ಬೇಕಲ್ಲ?”

“ಕೇಳ್ತೀನಿ.”

“ಬಿಟ್ಟಿಯಾಗಿ?”

ನಾನು ಎದ್ದು ಹೊರಟುಬಿಟ್ಟೆ. ನನ್ನ ಸ್ಟಾಪ್‌ವಾಚ್ ನಿನಗೆ ಗೊತ್ತಲ್ಲ: ಮಾತು ನಿಂತಾಗ ಒಂದು ಸಲ ಒತ್ತುವುದು, ಶುರುವಾದಾಗ ಮತ್ತೊಂದು ಸಲ. ಕೊನೆಗೆ ಮೌನವನ್ನೆಲ್ಲ ಕೂಡಿಸಿ ಬಿಲ್ಲಿನಿಂದ ಕಳೆಯುವುದು. “ಅಳುಬುರುಕರಿಗೆ ನಮ್ಮಲ್ಲಿ ಸೋವಿ” ಎಂದು ನೀನು ಹಾಸ್ಯ ಮಾಡುತ್ತಿದ್ದೆ. ನಾನು ಅದನ್ನು ಪ್ರಾಮಾಣಿಕತೆ ಎಂದುಕೊಂಡಿದ್ದೆ. ಈಗ ಅನುಮಾನ. ಹೆಚ್ಚು ಹೇಳಿದರೆ ಎದ್ದು ಹೋದಾರು ಎಂಬ ಅಂಜಿಕೆಗೆ ಒಳ್ಳೆಯ ಅಂಗಿ ತೊಡಿಸಿ ಓಡಾಡಿಸಿದ್ದೆನೇನೋ. ಐವತ್ತಮೂರನೆಯ ವಯಸ್ಸಿನಲ್ಲಿ ತನ್ನ ಬಗ್ಗೆ ಇಂಥದ್ದು ತಿಳಿದರೆ ಮನುಷ್ಯ ಏನು ಮಾಡಬೇಕು? ನಾನು ಕೊಡೆ ಮರೆತು ಬಂದೆ, ಅದನ್ನು ತರಲು ವಾಪಸು ಹೋದೆ. ಮೇಡಂ ಕೊಡೆಯ ಜೊತೆ ನನ್ನ ಪಟ್ಟಿಯನ್ನೂ ಕೈಗಿಟ್ಟರು. “ಇದನ್ನ ಇನ್ನೊಂದ್ಸಲ ಬರ್ಕೊಂಡು ಬನ್ನಿ. ನನ್ನನ್ನ ಹೆದರಿಸದ ಹಾಗೆ.” ಜೊತೆಗೆ ಹತ್ತು ನಿಮಿಷದ ಒಂದು ರೆಕಾರ್ಡಿಂಗನ್ನೂ ಕೊಟ್ಟರು, ಮಾದರಿಗೆ.

ಅದೇ ವಾರ ದೀಪ ನೋಡಲು ಕೆಳಮನೆಯ ಎಲೆಕ್ಟ್ರಿಷಿಯನ್ ಬಂದ. ನೀನು ಹೋದ ಮೇಲೆ ಬಾಡಿಗೆಗೆ ಬಂದವನು. ಬೀದಿಯವರೆಲ್ಲ ಅವನನ್ನು ಫ್ಯೂಸಣ್ಣ ಎನ್ನುತ್ತಾರೆ, ಅವನೂ ಓಗೊಡುತ್ತಾನೆ. ದೀಪದ ಬುಡ ಬಿಚ್ಚಿಟ್ಟು, ಮೇಜಿನ ಮೇಲಿದ್ದ ಹಾಳೆಯ ಕಡೆ ಕತ್ತು ವಾಲಿಸಿದ. ತನ್ನದಲ್ಲದ್ದನ್ನು ಓದಬಾರದು ಎಂಬ ಸಂಕೋಚ ಅವನಿಗಿಲ್ಲ.

“ಇದೇನ್ ಸಾರ್, ಅಂದಾಜು ಪಟ್ಟೀನೋ ಕ್ಷಮಾಪಣೆ ಪತ್ರಾನೋ?”

“ಯಾಕಪ್ಪ?”

“ನೋಡಿ ಇಲ್ಲಿ. ‘ಹೆಚ್ಚೆನಿಸಿದರೆ ದಯವಿಟ್ಟು ತಿಳಿಸಿ, ಕಡಿಮೆ ಮಾಡಿಕೊಳ್ಳುತ್ತೇನೆ.’ ಅವ್ರಿನ್ನೂ ಬಾಯೇ ತೆಗ್ದಿಲ್ಲ, ನೀವಾಗ್ಲೇ ಕಾಲಿಗೆ ಬಿದ್ದಿದ್ದೀರಲ್ಲ!”

“ವಿನಯ ಇರ್ಲಿ ಅಂತ…”

“ವಿನಯ ನಿಮ್ಮ ಬಾಯಲ್ಲಿರ್ಲಿ ಸಾರ್. ಹಾಳೆ ಮೇಲೆ ಬೇಡ. ನಿಮ್ಮ ಬಾಯಿ ನಿಮ್ಜೊತೆ ವಾಪಸ್ ಬರುತ್ತೆ, ಹಾಳೆ ಅವ್ರ ಹತ್ರಾನೇ ಉಳಿಯುತ್ತೆ.”

ಕೆಳಗೆ ಹೋಗಿ ತಾನು ಯಾವುದೋ ಮನೆಗೆ ಬರೆದ ಪಟ್ಟಿ ತಂದು ತೋರಿಸಿದ. ಅಕ್ಷರ ಕಾಗೆಕಾಲು, ಆದರೆ ಪಟ್ಟಿ ಒಂದು ಪುಟ ದಾಟಿತ್ತು. ಗೋಡೆ ಕೊರೆಯುವುದು, ಪೈಪು ಹೂಳುವುದು, ವೈರು ಎಳೆಯುವುದು, ಮತ್ತೆ ಗಾರೆ ಮುಚ್ಚುವುದು. ಬಲ್ಬು, ಸ್ವಿಚ್ಚು ಕಟ್ಟಕಡೆಗೆ.

“ಗೋಡೆ ಒಳಗೆ ಹೋಗೋದನ್ನೇ ಮೊದ್ಲು ಬರೀಬೇಕು ಸಾರ್. ಸ್ವಿಚ್ಚು ಎಲ್ರಿಗೂ ಕಾಣುತ್ತೆ, ಅದಕ್ಕೆ ಯಾರೂ ಜಗಳ ಆಡಲ್ಲ. ಗೋಡೆ ಮುಚ್ಚಿದ್ಮೇಲೆ ‘ಒಳಗೆ ಅದೇನ್ ಮಹಾ ಇತ್ತು’ ಅಂತಾರೆ. ಬರೆದಿದ್ರೆ ಇತ್ತು. ಬರೀದಿದ್ರೆ ಇರಲೇ ಇಲ್ಲ. ಇನ್ನೊಂದು ಮಾತು. ಮೊದಲ ಸಲ ದರ ಬರೀಬೇಡಿ. ಕೆಲಸ, ಗಂಟೆ, ಅಷ್ಟೇ ತೋರಿಸಿ. ಕೆಲಸ ಬೇಕು ಅಂತ ಅವ್ರ ಬಾಯಲ್ಲೇ ಬರ್ಲಿ.”

“ದೀಪಕ್ಕೆ ಎಷ್ಟು ಕೊಡ್ಲಿ?” ಎಂದೆ.

“ಪಾಠಕ್ಕೂ ಸೇರ್ಸಿ ಹೇಳ್ಲಾ?” ಎಂದು ನಕ್ಕ. ದೀಪಕ್ಕೆ ಮಾತ್ರ ತೆಗೆದುಕೊಂಡ, ಚೆನ್ನಾಗಿಯೇ ತೆಗೆದುಕೊಂಡ.

ಅವನು ಹೋದ ಮೇಲೆ ನಮ್ಮ ಗೋಡೆಯೊಳಗೆ ಏನೇನು ಇದೆ ಎಂದು ಬರೆಯಲು ಕುಳಿತೆ. ಮೊದಲ ಸಲ ಕೇಳುವುದು. ಬರೆಯುವುದು. ಕಾರ್ಖಾನೆಯ ಪದಗಳನ್ನು ತಿಳಿದವರಲ್ಲಿ ವಿಚಾರಿಸುವುದು. ಮಾತಿಲ್ಲದ ನಿಮಿಷಗಳು, ಹೌದು, ಅವೂ. ಮಾದರಿಯ ರೆಕಾರ್ಡಿಂಗಿನಲ್ಲಿ ಗಾಜು ಊದುತ್ತಿದ್ದ ಮುದುಕರೊಬ್ಬರು ಹತ್ತು ನಿಮಿಷದಲ್ಲಿ ಒಂಬತ್ತು ವಾಕ್ಯ ಆಡಿದ್ದಾರೆ. ಉಳಿದದ್ದು ಉಸಿರು. ಆ ಉಸಿರನ್ನು ಕಳೆದರೆ ಅವರ ಕಸುಬಿನಲ್ಲಿ ಏನು ಉಳಿಯುತ್ತದೆ? ಆಮೇಲೆ ‘ಎರಡನೆಯ ಸಲ ಕೇಳುವುದು, ದನಿಗಳನ್ನು ಬೇರ್ಪಡಿಸುವುದು’ ಎಂದು ಬರೆದೆ. ಅದು ನಿನ್ನ ಕೆಲಸ. ಅಲ್ಲಿಗೆ ಪೆನ್ನು ನಿಂತಿತು.

ಕಪಾಟಿನಿಂದ ಹಳೆಯ ಪಟ್ಟಿಗಳ ಕಡತ ತೆಗೆದು ನೆಲದ ಮೇಲೆ ಹರಡಿದೆ. ಆರು ವರ್ಷಕ್ಕೆ ಮೂವತ್ತೇಳು. ಒಂದರಲ್ಲೂ ನೀನಿಲ್ಲ. ಒಂದೇ ಒಲೆ, ಒಂದೇ ಡಬ್ಬಿಯ ದುಡ್ಡು, ಬೇರೆ ಸಾಲು ಯಾಕೆ ಎಂದು ನಾವಿಬ್ಬರೂ ಸುಮ್ಮನಿದ್ದೆವು. ನಾವಿಬ್ಬರೂ ಎನ್ನುವುದು ತಪ್ಪು. ಬರೆಯುವವನು ನಾನು. ಆಸ್ಪತ್ರೆಯ ದಾದಿಯರದ್ದು ನೆನಪಿದೆಯೇ, ಏಳು ಜನ? ಅವರನ್ನು ನೋಡದೆಯೇ ನೀನು ಒಬ್ಬೊಬ್ಬರಿಗೂ ಗುರುತಿಟ್ಟಿದ್ದೆ: ಕುರ್ಚಿ ಎಳೆಯುವವಳು, ಮೂಗು ಕಟ್ಟಿದವಳು, ನಗುವ ಮೊದಲು ಉಸಿರೆಳೆದುಕೊಳ್ಳುವವಳು. ಒಂದು ಕಡೆ ನಾನು ಒಬ್ಬಳದೇ ಎಂದು ಬರೆದಿದ್ದ ಅರ್ಧ ಪುಟವನ್ನು ನೀನು ಮೂವರಿಗೆ ಹಂಚಿದೆ. “ಜಗಳ ನಡೀತಿದೆ ಕಣೋ ಇಲ್ಲಿ. ನೀನು ಒಬ್ಬಳ ಕೈಲೇ ಆಡಿಸಿಬಿಟ್ಟಿದ್ದೀಯ.” ಆ ಪಟ್ಟಿಯಲ್ಲಿ ಕಾಗದಕ್ಕೆ ಒಂದು ಸಾಲಿದೆ, ಅಂಚೆಗೆ ಒಂದು ಸಾಲಿದೆ.

ಹೊಸ ಪಟ್ಟಿ ಹಿಡಿದು ಈ ಸೋಮವಾರ ಮೇಡಂ ಬಳಿ ಹೋದೆ. ಕೆಲಸ ಮತ್ತು ಗಂಟೆ, ದರವಿಲ್ಲ. ಅವರ ಬೆರಳು ನಿಧಾನವಾಗಿ ಇಳಿದು ನಿನ್ನ ಸಾಲಿನ ಮೇಲೆ ನಿಂತಿತು.

“ಗಂಟೆ ಇಲ್ಲಿ ತುಂಬಾ ಆಯ್ತಲ್ಲ. ಇದನ್ನ ತೆಗೆದ್ರೆ ಏನಾಗುತ್ತೆ?”

“ತೆಗೀಬಹುದು ಮೇಡಂ. ಆಗ ಐದು ಜನ ಹೆಂಗಸರು ಒಬ್ಬಳೇ ಆಗ್ಬಿಡ್ತಾರೆ.”

ಅವರು ಮಾತಾಡಲಿಲ್ಲ. ಅಕ್ಕ, ಇಂಥ ಹೊತ್ತಿನಲ್ಲೇ ನಾನು ಯಾವಾಗಲೂ ಬಾಯಿಹಾಕಿ ಕಡಿಮೆ ಮಾಡುತ್ತಿದ್ದದ್ದು. ಎದುರಿನವರು ಸುಮ್ಮನಾದರೆ ನನಗೆ ಅದು ಬೈಗುಳದಂತೆ ಕೇಳುತ್ತಿತ್ತು. ಈ ಸಲ ಮಂಡಿಯ ಮೇಲೆ ಕೈ ಊರಿ ಕುಳಿತೆ. ಹೊರಗೆ ಯಾರೋ ಏಣಿ ಹೊತ್ತು ಹೋದರು. ಏಣಿ ಮೂರು ಗಾಜುಗಳಲ್ಲಿ ಮೂರು ಕಡೆ ಮುರಿಯಿತು. ಮೇಡಂ ಬೆದರಿಸುತ್ತಿರಲಿಲ್ಲ, ಯೋಚಿಸುತ್ತಿದ್ದರು. ಅಷ್ಟೇ ಆಗಿತ್ತು ಅದು. ಬಹುಶಃ ಯಾವಾಗಲೂ ಅಷ್ಟೇ ಆಗಿತ್ತು.

“ಆ ಸಾಲು ಇರ್ಲಿ,” ಎಂದರು ಕೊನೆಗೆ. “ದರ ತುಂಬಿಸ್ಕೊಂಡು ಬನ್ನಿ. ಒಪ್ಪಂದದ ದಿನ ಕೆಲಸ ಮಾಡೋರೆಲ್ಲರೂ ಬರ್ಬೇಕು, ಮುಖ ನೋಡದೆ ನಾನು ಸಹಿ ಹಾಕಲ್ಲ.”

ದಾರಿಯಲ್ಲಿ ಒಬ್ಬನೇ ನಗುತ್ತಾ ಬಂದೆನಂತೆ. ಫ್ಯೂಸಣ್ಣ ಹೇಳಿದ.

ನನ್ನ ಸಾಲುಗಳ ದರ ಬರೆದಿದ್ದೇನೆ. ಮೊದಲು ಬರೆದದ್ದನ್ನು ಹೊಡೆದುಹಾಕಿ ಇನ್ನೂ ಹೆಚ್ಚಿಸಿ ಬರೆದೆ. ನಿನ್ನ ಸಾಲು ಖಾಲಿ ಇದೆ. ನಾನೇ ತುಂಬಬಹುದಿತ್ತು, ಧಾರಾಳವಾಗಿಯೇ ತುಂಬಬಹುದಿತ್ತು. ಆದರೆ ನಿನ್ನ ಬೆಲೆಯನ್ನು ನಾನು ಕಟ್ಟಿದ್ದು ಸಾಕು. ಗಂಟೆಗೆ ಎಷ್ಟು ಎಂದು ನೀನು ಬರೆದು ಕಳಿಸು. ದುಡ್ಡು ನೇರ ನಿನ್ನ ಕೈಗೆ ಬರುತ್ತದೆ, ಡಬ್ಬಿಗೆ ಅಲ್ಲ. ಚೌಕಾಸಿ ಮಾಡುವುದಿಲ್ಲ. ಮಗಳ ಮನೆಯಲ್ಲಿ ಮೆಟ್ಟಿಲು ಕಡಿಮೆ ಎಂದು ಹೋದವಳು ನೀನು. ಅಲ್ಲಿಂದಲೇ ಮಾಡಬಹುದು, ರೆಕಾರ್ಡಿಂಗ್ ಕಳಿಸುತ್ತೇನೆ. ಒಪ್ಪಂದದ ಒಂದು ದಿನ ಮಾತ್ರ ಬಂದರೆ ಸಾಕು. ಆ ಕಚೇರಿ ನೆಲಮಹಡಿಯಲ್ಲಿದೆ, ನೋಡಿಕೊಂಡು ಬಂದಿದ್ದೇನೆ.

ನಿನ್ನ ಮಂಡಿನೋವು ಹೇಗಿದೆ? ಮಗಳು, ಅಳಿಯ ಕ್ಷೇಮ ತಾನೇ? ಮೊಮ್ಮಗಳಿಗೆ ಹಲ್ಲು ಬಿದ್ದು ಮಾತೆಲ್ಲ ಗಾಳಿಯಾಗಿದೆ ಎಂದು ಕೇಳಿದೆ. ಮುಂದಿನ ಹಲ್ಲು ಗಟ್ಟಿಯಾಗಿ ಬರಲಿ, ಅವಳಿಗೆ ನನ್ನ ಮುದ್ದು. ಹರಸುವ ಹಿರಿತನ ನಿನ್ನದು. ಆದರೂ ನಿನಗೆ ಒಳ್ಳೆಯದಾಗಲಿ ಎಂದು ತಮ್ಮನೊಬ್ಬ ಬೆಳಿಗ್ಗೆ ಎದ್ದು ಅಂದುಕೊಂಡರೆ ತಪ್ಪೇನಿಲ್ಲವಲ್ಲ.

ಇತಿ,
ನಿನ್ನ ತಮ್ಮ

ಮರೆತ ಮಾತು: ಮರೆತದ್ದಲ್ಲ. ಲಕೋಟೆ ಅಂಟಿಸಿದವನು ಮತ್ತೆ ಬಿಚ್ಚಿದೆ.

ಕಳೆದ ವರ್ಷ ವಕೀಲರೊಬ್ಬರು ನಮ್ಮ ಪಟ್ಟಿ ನೋಡಲು ಮನೆಗೆ ಬಂದಿದ್ದರು. ನೀನು ಹೆಡ್‌ಫೋನ್ ಹಾಕಿಕೊಂಡು ನಮಗೆ ಬೆನ್ನು ತಿರುಗಿಸಿ ಕುಳಿತಿದ್ದೆ. “ಅವ್ರು ಯಾರು? ಅವ್ರಿಗೂ ನಾವೇ ಕೊಡ್ಬೇಕಾ?” ಎಂದು ಕೇಳಿದರು. “ಅಯ್ಯೋ ಇಲ್ಲ, ನಮ್ಮಕ್ಕ. ಹೊತ್ತು ಹೋಗ್ಲಿ ಅಂತ ಕೂರಿಸಿದ್ದೀನಿ,” ಎಂದೆ. ನಿನಗೆ ಕೇಳಿಸುವುದಿಲ್ಲ ಎಂದುಕೊಂಡಿದ್ದೆ. ಎರಡು ವಾರದ ಮೇಲೆ ನೀನು ಮೆಟ್ಟಿಲಿನ ನೆಪ ಹೇಳಿದೆ. ಮೊನ್ನೆ ಹಳೆಯ ಪಟ್ಟಿಗಳ ನಡುವೆ ನಿನ್ನ ಟಿಪ್ಪಣಿ ಪುಸ್ತಕ ಸಿಕ್ಕಿತು. ಎಲ್ಲದಕ್ಕೂ ಗಂಟೆ ಬರೆದಿಡುವವಳು ಅದಕ್ಕೂ ಬರೆದಿದ್ದೀಯ: ‘ವಕೀಲರು ಬಂದರು, ನಾಲ್ಕು. ರೆಕಾರ್ಡಿಂಗ್ ಮುಗಿಯಿತು, ನಾಲ್ಕು ಹತ್ತು. ವಕೀಲರು ಹೊರಟರು, ನಾಲ್ಕೂವರೆ.’ ನಾನು ಆ ಮಾತು ಆಡಿದ್ದು ಅವರು ಏಳುವಾಗ. ಆ ಇಪ್ಪತ್ತು ನಿಮಿಷ ನಿನ್ನ ಕಿವಿಯಲ್ಲಿ ಬೇರೆ ಯಾವ ದನಿಯೂ ಇರಲಿಲ್ಲ. ಆದರೂ ನೀನು ಹೆಡ್‌ಫೋನ್ ತೆಗೆಯಲಿಲ್ಲ. ನನ್ನ ಮರ್ಯಾದೆ ಉಳಿಯಲಿ ಅಂತ.

ಕ್ಷಮಿಸು ಎಂದು ಕೇಳಲು ಈ ಪತ್ರ ಬರೆದದ್ದಲ್ಲ, ಆದರೆ ಕೇಳದೆ ಅಂಟಿಸಲು ಆಗಲಿಲ್ಲ. ಒಪ್ಪಂದದ ದಿನ ಮೇಡಂ ನಿನ್ನ ಸಾಲಿನ ಮೇಲೆ ಬೆರಳಿಟ್ಟು, “ಇವ್ರು ಯಾರು?” ಎಂದು ಕೇಳಿಯೇ ಕೇಳುತ್ತಾರೆ. ನಾನು ಬಾಯಿ ತೆರೆಯುವುದಿಲ್ಲ. ಉತ್ತರವನ್ನು ನೀನೇ ಬಂದು ಹೇಳುತ್ತೀಯಾ, ಅಕ್ಕ?