ಹೆಗಲ ಮೇಲಿನ ಬೈರಾಸು

ವಿಲೆ ಪಾರ್ಲೆ (ಪೂರ್ವ), ಮುಂಬಯಿ
17-12-2025, ಬುಧವಾರ

ಅಕ್ಷಯನ ಪಪ್ಪನಿಗೆ ವಿನೋದಿನಿ ಮಾಡುವ ನಮಸ್ಕಾರಗಳು.

ರೈಲಿನಲ್ಲಿ ಬೆನ್ನು ಹಿಡಿದುಕೊಂಡಿತ್ತಲ್ಲ, ಈಗ ಹೇಗಿದೆ? ಕೆಮ್ಮಿಗೆಂದು ಕಟ್ಟಿಕೊಟ್ಟ ಶುಂಠಿ, ಕರಿಮೆಣಸಿನ ಪುಡಿ ಚೀಲದ ಒಳಜೇಬಿನಲ್ಲಿದೆ. ನೀವು ಹುಡುಕಿರಲಾರಿರಿ, ಆದ್ದರಿಂದ ಹೇಳುತ್ತಿದ್ದೇನೆ. ಆಪರೇಷನ್ ಆದ ಮೊಣಕಾಲನ್ನು ಮಡಚಲು ಅತ್ತಿಗೆ ಇನ್ನೂ ಹೆದರುತ್ತಾರೆಯೇ? ಡಾಕ್ಟರು ಹೇಳಿದಷ್ಟು ನಡೆಸಿ, ಅವರು ಬೈದರೆ ಬೈಸಿಕೊಳ್ಳಿ. ನಿಮ್ಮ ಅಕ್ಕನಲ್ಲವೇ, ಚಿಕ್ಕಂದಿನಿಂದ ನಿಮಗದು ರೂಢಿ. ನಾನು ಚೆನ್ನಾಗಿದ್ದೇನೆ. ದಿನಾ ಫೋನಿನಲ್ಲಿ ಮಾತಾಡುತ್ತಿರುವಾಗ ಇದೇನು ಇವಳ ಕಾಗದ ಎಂದು ನೀವು ಕನ್ನಡಕ ಹುಡುಕುತ್ತಿರಬಹುದು. ಅತ್ತಿಗೆಗೆ ಕಿವಿ ಮಂದವೆಂದು ನನ್ನ ಫೋನ್ ಬಂದೊಡನೆ ಸ್ಪೀಕರಿಗೆ ಹಾಕುತ್ತೀರಿ. ಬೈಲೂರಿನ ಅರ್ಧ ಮಂದಿ ಸುತ್ತ ಕೂತಿರುತ್ತಾರೆ. ಊಟ ಆಯ್ತಾ, ಅಲ್ಲಿ ಚಳಿ ಉಂಟಾ ಎಂಬಲ್ಲಿಗೆ ನಮ್ಮ ಮಾತು ಮುಗಿಯುತ್ತದೆ. ನಾನು ಹೇಳಬೇಕಾದದ್ದು ಸ್ಪೀಕರಿನಲ್ಲಿ ಹೇಳುವಂಥದ್ದಲ್ಲ.

ಎಲ್ಲ ಶುರುವಾದದ್ದು ಆ ಕ್ಯಾಮೆರಾದಿಂದ. ಅಕ್ಷಯ ತಾನು ಹೊಸದು ಕೊಂಡು ಹಳೆಯದನ್ನು ನನಗೆ ಕೊಟ್ಟಾಗ, ಶಾಲೆಯಿಂದ ರಿಟೈರ್ ಆಗಿ ಕಿಟಕಿಯ ಪಾರಿವಾಳಗಳಿಗೆ ಪಾಠ ಹೇಳುತ್ತ ಕೂತಿದ್ದ ನನಗೆ ಮತ್ತೆ ಹುರುಪು ಬಂತು. ಆದರೆ ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದವರಿಗೆ ಕ್ಯಾಮೆರಾ ಸಾಕುವ ಸುದ್ದಿ ಗೊತ್ತಿರಲಿಲ್ಲ. ಅದೊಂದು ಬಂದರೆ ಹಿಂದಿನಿಂದ ಕೊರಳಪಟ್ಟಿ, ಕಾರ್ಡು, ಚೀಲ, ಫಿಲ್ಟರು, ಸ್ಟ್ಯಾಂಡು ಎಂದು ಬಂಧುಬಳಗವೆಲ್ಲ ಬರಬೇಕು. ಫೋರ್ಟಿನ ಕ್ಯಾಮೆರಾ ಅಂಗಡಿಗಳ ಗಲ್ಲಿಯಲ್ಲಿ ನಾನು ಕಂಡದ್ದನ್ನೆಲ್ಲ ಬೇಕೆನ್ನುತ್ತಿದ್ದಾಗ ನೀವು ಹೋಟೆಲಿಗೆ ಪಾತ್ರೆ ಆರಿಸುವವರ ಹಾಗೆ ನಿಂತು, "ಕೆಟ್ರೆ ದೊಡ್ಡ ನಷ್ಟ ಆಗುವಂಥದ್ದು ಒಳ್ಳೇದೇ ತೆಗೊಳ್ಳುವ, ಬಾಕಿದ್ದು ಮನೆಯಲ್ಲಿ ಮಾಡುವ" ಎಂದಿರಿ. ಹಾಗೆ ಕೊರಳಪಟ್ಟಿಯೂ ಕಾರ್ಡೂ ಒಳ್ಳೆಯವೇ ಬಂದವು. ಫಿಲ್ಟರು ಅಂಗಡಿಯಲ್ಲೇ ಉಳಿಯಿತು. ನಿಮ್ಮ ಹಳೆಯ ಟಿಫಿನ್ ಚೀಲಕ್ಕೆ ಒಳಗಿನಿಂದ ಸ್ಪಂಜು ಹೊಲಿದು ಕ್ಯಾಮೆರಾ ಚೀಲ ಮಾಡಿಕೊಟ್ಟಿರಿ. ಲೆನ್ಸಿಗೆ ಬಿಸಿಲು ಬೀಳದಿರಲೆಂದು ಕಪ್ಪು ಫೈಲಿನ ರಟ್ಟು ಕತ್ತರಿಸಿ ಸುತ್ತಿದಿರಿ. ಸ್ಟ್ಯಾಂಡಿನ ಹತ್ತಿರ ಮಾತ್ರ ಇಬ್ಬರೂ ಸೋತೆವು. ನಮ್ಮ ಕೈಗೆ ಎಟಕುವ ಸ್ಟ್ಯಾಂಡನ್ನು ನೀವು ಎರಡು ಬೆರಳಲ್ಲಿ ಒತ್ತಿ ನೋಡಿ, "ಇದರ ಮೇಲೆ ಚಾ ಇಟ್ರೆ ಚೆಲ್ತದೆ ಮಾರಾಯ್ತಿ" ಎಂದಿರಿ. ಅಲುಗದ ಸ್ಟ್ಯಾಂಡು ನಮ್ಮ ಕೈಗೆ ಎಟಕುವಂತಿರಲಿಲ್ಲ. ನನ್ನ ಕೈ ನಡುಗುತ್ತದೆ, ಸ್ಟ್ಯಾಂಡಿಲ್ಲದೆ ಹಕ್ಕಿಯೆಲ್ಲ ಮಂಜಾಗಿ ಬರುತ್ತದೆ ಎಂದು ನಾನು ಮುಖ ಸಣ್ಣ ಮಾಡಿದಾಗ ನೀವು ನಕ್ಕು, "ನನ್ನ ಹೆಗಲು ಉಂಟಲ್ಲ ಟೀಚರೇ" ಎಂದಿರಿ.

ನಾನದನ್ನು ತಮಾಷೆ ಎಂದುಕೊಂಡಿದ್ದೆ. ಮರುದಿನ ಬಾಲ್ಕನಿಯಲ್ಲಿ ನಿಮ್ಮ ಹೆಗಲ ಮೇಲೆ ಕ್ಯಾಮೆರಾ ಇಟ್ಟು ನೋಡಿದರೆ, ಎದುರಿನ ಬಾದಾಮಿ ಮರದ ಗಿಳಿ ಕಣ್ಣಿನ ಸುತ್ತಲಿನ ಉಂಗುರ ಸಹಿತ ಬಂತು. ಹೋಟೆಲಿನ ಸಪ್ಲೈಯರ್ ಆಗಿ ಒಂದು ಕೈಯಲ್ಲಿ ಸಾಲುಗಟ್ಟಿ ತಟ್ಟೆ ಹಿಡಿದು ಊಟದ ಹೊತ್ತಿನ ನೂಕುನುಗ್ಗಲಲ್ಲಿ ನಡೆದ ಹೆಗಲು ಅದು. ನಾನು ಗುಂಡಿ ಒತ್ತುವಾಗ ನೀವು ಕಣ್ಣು ಮುಚ್ಚಿ ಉಸಿರು ಹಿಡಿಯುತ್ತಿದ್ದಿರಿ. ಅಂಗಿಯ ಮೇಲೆ ಕ್ಯಾಮೆರಾ ಜಾರುತ್ತದೆಂದು ನಿಮ್ಮ ಹೋಟೆಲಿನ ಬಿಳಿ ಬೈರಾಸನ್ನು, ಆ ಕೈ ಒರೆಸುವ ಟವೆಲನ್ನು, ನಾಲ್ಕು ಮಡಿಕೆ ಮಾಡಿ ಹೆಗಲಿಗೆ ಹಾಕಿದವಳೂ ನಾನೇ. ಇದನ್ನು ನೆನಪಿಡಿ, ಬೈರಾಸು ಹಾಕಿದವಳು ನಾನು.

ಆಮೇಲೆ ಪವಾಯಿ ಕೆರೆಯ ಆ ಭಾನುವಾರ. ಅಕ್ಷಯ ಫೋನಿನಲ್ಲಿ ಎಲ್ಲೋ ಹುಡುಕಿ ನನ್ನ ಹೆಸರು ಸೇರಿಸಿದ ಫೋಟೋ ಗುಂಪಿನವರು, ನಮಗೆ ಒಬ್ಬರೂ ಗುರುತಿಲ್ಲ. ದಂಡೆಯ ಉದ್ದಕ್ಕೂ ಅವರ ಸ್ಟ್ಯಾಂಡುಗಳು, ಒಂದಕ್ಕಿಂತ ಒಂದು ಮಿಂಚುವಂಥವು. ನಮ್ಮ ಟಿಫಿನ್ ಚೀಲವನ್ನು ನೋಡಿ ಯಾರೋ ಮುಗುಳ್ನಕ್ಕರು, ಬಹುಶಃ ಬೇರೇನಕ್ಕೋ ನಕ್ಕಿರಬಹುದು. ಆದರೆ ನನಗೆ ಆಗಲೇ ಕಿವಿ ಬಿಸಿಯಾಗಿತ್ತು. ಲೆನ್ಸಿಗೆ ಸುತ್ತಿದ ರಟ್ಟನ್ನು ಮೆಲ್ಲನೆ ಕಿತ್ತು ಚೀಲದೊಳಗೆ ತುರುಕಿದೆ. ನೀವು ಅದನ್ನೂ ನೋಡಿದಿರಿ ಎಂದು ಈಗ ಅನಿಸುತ್ತದೆ. ನಿಮ್ಮ ಹೆಗಲಿಗೆ ಕ್ಯಾಮೆರಾ ಊರಿ ನಾನು ಮಿಂಚುಳ್ಳಿಯನ್ನು ಹಿಡಿದು ಮುಗಿಸಿದಾಗ ಗುಂಪಿನ ಮುಖ್ಯಸ್ಥೆ ನಮಿತಾ ಹತ್ತಿರ ಬಂದು, "ಆಂಟಿ, ಯೇ ಹೆಲ್ಪರ್ ಕಹಾಂ ಸೇ ಮಿಲಾ? ಕಿತನಾ ಸೀಧಾ ಖಡಾ ರೆಹತಾ ಹೈ" ಎಂದಳು. ಪಾಪ, ಇಷ್ಟು ನೆಟ್ಟಗೆ ನಿಲ್ಲುವ ಹೆಲ್ಪರ್ ಎಲ್ಲಿ ಸಿಕ್ಕಿದ ಎಂದು ಅವಳು ಮೆಚ್ಚಿ ಕೇಳಿದ್ದು. ಹೆಗಲ ಮೇಲೆ ಬೈರಾಸು ಇದ್ದವರನ್ನು ಅವಳು ಇನ್ನೇನೆಂದು ತಿಳಿಯಬೇಕು? ಇವರು ನನ್ನ ಯಜಮಾನರು ಎನ್ನಲು ಎಷ್ಟು ಹೊತ್ತು ಬೇಕಿತ್ತು? ನಾನು ಹೇಳಿದ್ದು, "ಪೆಹಲೇ ಹೋಟೆಲ್ ಮೇ ಕಾಮ್ ಕರ್ತೇ ಥೇ." ಮೊದಲು ಹೋಟೆಲಿನಲ್ಲಿ ಕೆಲಸ ಮಾಡುತ್ತಿದ್ದರು ಎಂಬುದು ಸುಳ್ಳೇನೂ ಅಲ್ಲ. ಸುಳ್ಳಾಗಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲವೋ ಏನೋ. ಮಕ್ಕಳು ಹೀಗೆ ಅರ್ಧ ನಿಜ ಹೇಳಿ ತಪ್ಪಿಸಿಕೊಂಡರೆ ನಾನು ಅವರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ.

ನೀವು ಒಂದು ಸಲ ನನ್ನ ಮುಖ ನೋಡಿದಿರಿ. ಆಮೇಲೆ ನಡೆದದ್ದನ್ನು ನೆನೆದರೆ ನೆಲ ಬಾಯಿ ಬಿಡಬಾರದೇ ಎನಿಸುತ್ತದೆ. ಮನೀಶ್ ಎಂಬ ಹುಡುಗ ತನ್ನ ಬ್ಯಾಗನ್ನೂ ನಿಮ್ಮ ಕೈಗೆ ಕೊಟ್ಟ, ನೀವು ಹಿಡಿದುಕೊಂಡಿರಿ. ಚಹಾ ತರಲು ಕಳಿಸಿದರು. ಬೆರಳುಗಳ ನಡುವೆ ಗ್ಲಾಸು ಸಿಕ್ಕಿಸಿಕೊಂಡು ತಂದು, ಸಕ್ಕರೆ ಬೇಡ ಎಂದವರಿಗೆ ಸಕ್ಕರೆಯಿಲ್ಲದ್ದನ್ನೇ ಕೊಟ್ಟಿರಿ. ನನ್ನ ಗ್ಲಾಸು ಚಾಚಿ, "ಮೇಡಂ, ಚಾಯ್" ಎಂದಿರಿ. ಮದುವೆಯಾದಂದಿನಿಂದ ಟೀಚರೇ ಎಂದು ಕೀಟಲೆ ಮಾಡಿದ ಬಾಯಿ ಅದು. ಮೇಡಂ ಎಂದದ್ದು ಕೋಪದಿಂದಲ್ಲ, ನನ್ನ ಮಾನ ಉಳಿಸಲು ಎಂದು ನನಗೆ ಗೊತ್ತಾಯಿತು. ಗೊತ್ತಾಗಿಯೂ ನಾನು ಆ ಚಹಾ ಕುಡಿದೆ. ಹೊರಡುವಾಗ ಮನೀಶ್ ನಿಮ್ಮ ಕೈಗೆ ನೋಟೊಂದನ್ನು ತುರುಕಿದ. ಬೇಡ ಎಂದರೆ ಗುಟ್ಟು ರಟ್ಟಾಗುತ್ತಿತ್ತು, ಅದಕ್ಕೇ ತೆಗೆದುಕೊಂಡಿರಿ. ವಾಪಸು ಬಸ್ಸಿನಲ್ಲಿ ನನಗೆ ಕಿಟಕಿಯ ಸೀಟು ಬಿಟ್ಟುಕೊಟ್ಟು, ಹಕ್ಕಿ ಚಂದ ಬಂತಾ ಎಂದು ಮಾತ್ರ ಕೇಳಿದಿರಿ. ಬೈದಿದ್ದರೆ ನಾನೂ ತಿರುಗಿ ಜಗಳವಾಡಿ ಹಗುರಾಗುತ್ತಿದ್ದೆ.

ಸಂಕ್ರಾಂತಿ ಕಳೆದು ಊರಿಗೆ ಹೋಗುವವರು ಆ ಮಂಗಳವಾರವೇ ಹೊರಟುಬಿಟ್ಟಿರಿ. ಅಕ್ಕನಿಗೆ ಜನ ಬೇಕು ಎಂದಿರಿ. ಅಕ್ಕನ ಮಗಳು ನಿಶ್ಮಿತಾ ಅಲ್ಲೇ ಇದ್ದಾಳೆಂದು ನನಗೆ ಗೊತ್ತಿಲ್ಲವೇ? ನೀವು ನೊಂದುಕೊಂಡು ಹೋದಿರೋ ಅಲ್ಲವೋ, ಅದನ್ನು ಕೇಳುವ ಮುಖವೂ ನನಗೆ ಉಳಿದಿಲ್ಲ. ನೀವು ಹೋದ ಮೇಲೆ ಕ್ಯಾಮೆರಾ ಚೀಲ ತೆಗೆದರೆ ಆ ನೋಟು ಒಳಗಿನ ಜೇಬಿನಲ್ಲಿ ಸಿಕ್ಕಿತು. ಹೋಟೆಲಿನಲ್ಲಿ ಸಿಕ್ಕಿದ ಭಕ್ಷೀಸನ್ನು ಮಡಚುತ್ತಿದ್ದಂತೆಯೇ ಉದ್ದಕ್ಕೆ ಮಡಚಿಟ್ಟಿದ್ದೀರಿ. ಆ ನೋಟುಗಳಿಂದ ಅಕ್ಷಯನಿಗೆ ಶಾಲೆಯ ಬೂಟು ಬಂದಿತ್ತು, ನನ್ನ ಬಿ.ಎಡ್. ಪುಸ್ತಕಗಳು ಬಂದಿದ್ದವು. ಅಂದೆಲ್ಲ ನಾಚಿಕೆಯಾಗದ ನನಗೆ ಪರವೂರ ನಾಲ್ಕು ಜನರೆದುರು ನಿಮ್ಮ ಬೈರಾಸು ನೋಡಿ ನಾಚಿಕೆಯಾಯಿತು. ಈಗ ನನ್ನನ್ನು ನೋಡಿಯೇ ನಾಚಿಕೆಯಾಗುತ್ತಿದೆ.

ಇನ್ನೊಂದಿದೆ. ನಮಿತಾ ಇರುವ ಕಾಂಪ್ಲೆಕ್ಸಿನ ಕ್ಲಬ್ಬಿನಲ್ಲಿ ಗುಂಪಿನವರ ಫೋಟೋಗಳನ್ನು ತೂಗುಹಾಕುತ್ತಾರಂತೆ. ನನ್ನ ಮಿಂಚುಳ್ಳಿಯನ್ನು ಆರಿಸಲಿಲ್ಲ. ಅಂದು ನಮಿತಾ ನಮಗೆ ತಿಳಿಯದಂತೆ ತೆಗೆದ ಫೋಟೋ ಒಂದನ್ನು ಆರಿಸಿದ್ದಾರೆ, ನಿನ್ನೆ ಫೋನಿಗೆ ಕಳಿಸಿದಳು. ನಿಮ್ಮ ಹೆಗಲ ಮೇಲೆ ಕ್ಯಾಮೆರಾ, ಹಿಂದೆ ನನ್ನ ಅರ್ಧ ಮುಖ, ಮುಂದೆ ಕಣ್ಣು ಮುಚ್ಚಿ ಉಸಿರು ಹಿಡಿದ ನೀವು. ನಮ್ಮ ಮದುವೆಯ ಆಲ್ಬಮಿನಲ್ಲೂ ನೀವು ಇಷ್ಟು ಚಂದ ಬಂದಿಲ್ಲ. ಅದರ ಕೆಳಗೆ ಬರೆಯುವುದು, "ವಿನೋದಿನಿ ಆಂಟಿ ಮತ್ತು ಅವರ ಹೆಲ್ಪರ್" ಎಂದು. ಇಂದು ಸಂಜೆ ಪ್ರಿಂಟಿಗೆ ಹೋಗುತ್ತದೆ. ನಿನ್ನೆಯಿಂದ ಫೋನ್ ಕೈಗೆತ್ತಿಕೊಳ್ಳುತ್ತೇನೆ, ಇಡುತ್ತೇನೆ. ಹೆಲ್ಪರ್ ಅಲ್ಲ ಎಂದರೆ, ಅಂದೇಕೆ ಹೇಳಲಿಲ್ಲ ಎಂದು ಕೇಳುತ್ತಾಳಲ್ಲ.

ಅತ್ತಿಗೆಗೆ ನನ್ನ ನಮಸ್ಕಾರ ಹೇಳಿ, ನಿಶ್ಮಿತಾಳಿಗೆ ಆಶೀರ್ವಾದ. ಈ ಕಾಗದವನ್ನು ಅವರೆದುರು ಓದಬೇಡಿ. ಬೈರಾಸನ್ನು ಒಗೆದು ಇಸ್ತ್ರಿ ಮಾಡಿ ನಿಮ್ಮ ಕಪಾಟಿನಲ್ಲಿಟ್ಟಿದ್ದೇನೆ. ಇನ್ನೊಮ್ಮೆ ಅದನ್ನು ಹೆಗಲಿಗೆ ಹಾಕಿಕೊಳ್ಳಿ ಎಂದು ನಾನಾಗಿ ಕೇಳುವುದಿಲ್ಲ. ಬರುವ ದಿನ ತಿಳಿಸಿ, ಸ್ಟೇಷನ್ನಿಗೆ ಬರುತ್ತೇನೆ, ಚೀಲ ನಾನೇ ಹಿಡಿಯುತ್ತೇನೆ.

ಇಂತಿ ನಿಮ್ಮ
ವಿನೋದಿನಿ

ತಾ.ಕ.: ಕವರು ಅಂಟಿಸಿದ್ದನ್ನು ಮತ್ತೆ ಬಿಡಿಸಿ ಬರೆಯುತ್ತಿದ್ದೇನೆ, ಅಕ್ಷರ ವಕ್ರವಾಗಿದ್ದರೆ ಕ್ಷಮಿಸಿ. ಈಗಷ್ಟೇ ನಮಿತಾಳಿಗೆ ಫೋನ್ ಮಾಡಿದೆ. ಅವರು ನನ್ನ ಗಂಡ, ಅಂದು ನಾನು ಹೇಳಬೇಕಿತ್ತು, ನಾಚಿಕೆಪಟ್ಟು ಹೇಳಲಿಲ್ಲ ಎಂದೆ. ಅವಳು, ಹಾಗಾದರೆ ಫೋಟೋದ ಕೆಳಗೆ ಅಂಕಲ್ ಹೆಸರು ಏನೆಂದು ಬರೆಯಲಿ ಎಂದಳು. ನಿಮಗೆ ಗೊತ್ತಲ್ಲ, ಫಾರ್ಮುಗಳಲ್ಲಿ ಎಷ್ಟೋ ಸಲ ಬರೆದಿದ್ದೇನೆ, ಬಾಯಿಂದ ಒಮ್ಮೆಯೂ ಹೇಳಿದವಳಲ್ಲ. ರೇಷನ್ ಅಂಗಡಿಯಲ್ಲೂ ಕಾರ್ಡು ಮುಂದೆ ಹಿಡಿದು ಬೆರಳು ತೋರಿಸುವವಳು. ಮೊದಲ ಸಲ ಅಕ್ಷಯನ ಪಪ್ಪ ಎಂದೆ, ಅವಳು ಹೆಸರು ಹೇಳಿ ಆಂಟಿ ಎಂದಳು. ಎರಡನೆಯ ಸಲ ಕ್ಲಾಸಿನಲ್ಲಿ ಹಾಜರಿ ಕರೆಯುವ ಹಾಗೆ, ಶ್ರೀನಿವಾಸ ಶೆಟ್ಟಿಗಾರ್ ಎಂದು ಹೇಳಿಯೇಬಿಟ್ಟೆ. ಪಕ್ಕದ ಮನೆಯ ದೇವಕ್ಕ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು, "ಯಾರನ್ನ ಕರ್ಯಾಕತ್ತೀರಿ ಟೀಚರ್?" ಎಂದು ಕೇಳಿದಳು. ನಮ್ಮ ಮನೆಯವರನ್ನು ಎಂದೆ.