ಎರಡು ಬಿಳಿಯ ಕಾರಿನ ಬಗ್ಗೆ ಮೊಹಲ್ಲಾದ ಅಧ್ಯಕ್ಷರಿಗೆ

"ಬಣ್ಣ ತಾನೇ, ಚರ್ಮ ಅಲ್ಲವಲ್ಲ" ಎಂದಿರೋ ಅಥವಾ "ಚರ್ಮವಾಗಿದ್ದರೆ ಬೇರೆ ಮಾತು, ಇದು ಬಣ್ಣ" ಎಂದಿರೋ, ಈಗ ಸರಿಯಾಗಿ ನೆನಪಾಗುತ್ತಿಲ್ಲ. ಚಹಾದ ಬಟ್ಟಲು ನಿಮ್ಮ ತುಟಿಯ ಬಳಿಯಿತ್ತು; ಮಾತಿನ ಅರ್ಧ ಅದರೊಳಗೇ ಇಳಿದುಹೋಯಿತು. ಹೇಗೆ ಅಂದಿದ್ದರೂ ಅರ್ಥ ಒಂದೇ ಎಂದು ಆಗ ಅಂದುಕೊಂಡಿದ್ದೆ. ಈಗ ಹಾಗೆ ಅನ್ನಿಸುತ್ತಿಲ್ಲ.

ಮಾನ್ಯ ಅಧ್ಯಕ್ಷರೇ, ನನ್ನ ದೂರು ಇಷ್ಟು. ನನ್ನ ಅಕ್ಕ ಮುಹಯ್ಯೊಳ ಕಾರಿನ ಎಡಮೈ ಮೇಲೆ, ಅವಳು ಕೂತು ಓಡಿಸುವ ಬಾಗಿಲಿನಿಂದ ಹಿಡಿದು ಹಿಂದಿನ ಬಾಗಿಲಿನ ಕೊನೆಯವರೆಗೆ, ಒಬ್ಬ ಗಂಡಸು ಮೊಳೆಯಿಂದ ಒಂದು ಪದ ಗೀಚಿದ. ಗೀಚಿದವನು ಯಾರೆಂದು ನಮಗೂ ಗೊತ್ತು, ನಿಮಗೂ ಗೊತ್ತು. ಅದನ್ನು ನೀವು ಒಂದು ಕೆಟಲಿನ ಚಹಾ ಆರುವುದರೊಳಗೆ ಇತ್ಯರ್ಥ ಮಾಡಿ, ಟೋಪಿ ಸರಿಪಡಿಸಿಕೊಂಡು ಎದ್ದು ಹೋದಿರಿ. ಇತ್ಯರ್ಥವಾದದ್ದು ಏನೆಂದು ನನಗೆ ಇನ್ನೂ ತಿಳಿದಿಲ್ಲ. ಈ ಪತ್ರವನ್ನು ಪ್ರಕಟಿಸುತ್ತಿರುವ ಪತ್ರಿಕೆ ಆ ಪದವನ್ನು ಅಚ್ಚು ಹಾಕುವುದಿಲ್ಲ. ಅದಕ್ಕೆ ತನ್ನ ಓದುಗರ ಮರ್ಯಾದೆಯ ಚಿಂತೆ. ಗಂಡನ ಜೊತೆ ಬಾಳದೆ ತವರಿಗೆ ಮರಳಿದ, ಅದರ ಮೇಲೆ ತನ್ನ ಅನ್ನ ತಾನೇ ದುಡಿದುಕೊಳ್ಳುವ ಹೆಂಗಸನ್ನು ಬೀದಿ ಯಾವ ಪದದಿಂದ ಕರೆಯುತ್ತದೋ ಅದೇ ಪದ. ಓದುಗರಿಗೆ ಊಹಿಸಲು ಕಷ್ಟವಾಗಲಾರದು.

ಹೊಲಿಗೆ ಕಾರ್ಖಾನೆ ಮುಚ್ಚಿದ ಮೇಲೆ ಅಕ್ಕ ಬಾಡಿಗೆಗೆ ಕಾರು ಓಡಿಸತೊಡಗಿದಳು. ನಮ್ಮೂರು ಕೊಕಂದಿನ ಎಲ್ಲ ಕಾರುಗಳಂತೆ ಅದೂ ಬಿಳಿಯದು. ಹೆಂಗಸರನ್ನಷ್ಟೇ ಕೂರಿಸಿಕೊಳ್ಳುತ್ತಿದ್ದಳು. ಬಜಾರಿನಿಂದ ಕುಂಬಳಕಾಯಿ ಹೊತ್ತು ಬರುವ ಅತ್ತೆಯರು, ತೊಟ್ಟಿಲ ಶಾಸ್ತ್ರಕ್ಕೆ ಹೊರಟ ಬೀಗಿತ್ತಿಯರು, ಹಲ್ಲು ಕೀಳಿಸಿಕೊಳ್ಳಲು ಹೆದರಿ ಜೊತೆಗೊಬ್ಬರು ಬೇಕೆನ್ನುವವರು. ಕಾರಿನೊಳಗೆ ತಲೆವಸ್ತ್ರದ ಗಂಟು ಸಡಿಲಿಸಿ ಕೂತು, ಮನೆಯಲ್ಲಿ ಆಡಲಾಗದ್ದನ್ನು ಆಡಿ, ಇಳಿಯುವ ಮುಂಚೆ ಗಂಟು ಬಿಗಿದುಕೊಳ್ಳುತ್ತಿದ್ದರು. ನಿಮ್ಮ ಮನೆಯವರೂ ಅವರಲ್ಲಿ ಒಬ್ಬರು. ಅವರು ಏನೇನು ಆಡಿದರೆಂದು ಅಕ್ಕ ನನಗೆ ಎಂದೂ ಹೇಳಿಲ್ಲ. ಆದ್ದರಿಂದ ನೀವು ನಿಶ್ಚಿಂತೆಯಿಂದಿರಬಹುದು.

ಗೀಚಿದವನನ್ನು ಹುಡುಕುವ ಶ್ರಮ ಯಾರಿಗೂ ಬೀಳಲಿಲ್ಲ. ಪಕ್ಕದ ಮನೆಯ ಒದಿಲ್‌ಜಾನ್, ಅವನೂ ಬಾಡಿಗೆ ಕಾರಿನವನೇ, ಚಹಾದಂಗಡಿಯಲ್ಲಿ ತಾನಾಗಿಯೇ ಹೇಳಿಕೊಂಡ. "ಏನೋ ಕೈ ತುರಿಸ್ತು, ಗೀಚ್ದೆ. ಅದಕ್ಯಾಕಪ್ಪ ಇಷ್ಟು ರಂಪ? ಹೆಂಗಸರ ಬಾಡಿಗೆನೆಲ್ಲ ಅವಳೊಬ್ಬಳೇ ಗುಡಿಸ್ಕೊಂಡು ಹೋದ್ರೆ ನಾವೇನು ಸ್ಟ್ಯಾಂಡಲ್ಲಿ ನೊಣ ಹೊಡೀತಾ ಕೂರೋದಾ?" ಕೇಳಿದವರು ನಕ್ಕರಂತೆ. ಅವನು ಕೆಟ್ಟವನೆಂದು ನಾನು ಹೇಳಲಾರೆ. ಚಳಿಗಾಲದಲ್ಲಿ ಅಕ್ಕನ ಬ್ಯಾಟರಿ ಸತ್ತಾಗಲೆಲ್ಲ ತನ್ನ ಕಾರಿನಿಂದ ತಂತಿ ಎಳೆದು ಜೀವ ಕೊಡುತ್ತಿದ್ದವನು ಅವನೇ. ಕೆಟ್ಟವರು ಮಾತ್ರ ಇಂಥದ್ದನ್ನು ಮಾಡುವುದಾಗಿದ್ದರೆ ನಿಮ್ಮ ಕೆಲಸವೂ ನನ್ನ ಬದುಕೂ ಎಷ್ಟು ಸುಲಭವಾಗಿರುತ್ತಿತ್ತು!

ನಾವು ಠಾಣೆಗೆ ಹೋದೆವು. ಅಲ್ಲಿದ್ದ ಅಧಿಕಾರಿ ಕಾರಿಗೆ ಒಂದು ಸುತ್ತು ಬಂದು, ಪದವನ್ನು ಓದಿ, ಅಕ್ಕನನ್ನು ನೋಡಿ, ಮತ್ತೆ ಪದವನ್ನು ಓದಿ, ಗುರುತಿನ ಚೀಟಿಯನ್ನು ಮುಖಕ್ಕೆ ಹೋಲಿಸುವವರಂತೆ ತಲೆಯಾಡಿಸಿದರು. "ಮೊದಲು ಮೊಹಲ್ಲಾದಲ್ಲಿ ಹಿರಿಯರ ಹತ್ರ ಮಾತಾಡ್ಕೊಳ್ಳಿ" ಎಂದರು. ಹಿರಿಯರೆಂದರೆ ನೀವು. ನಾವು ನಿಮ್ಮಲ್ಲಿಗೆ ಬರುವ ಮುಂಚೆ ನೀವೇ ನಮ್ಮ ಬಾಗಿಲಿಗೆ ಬಂದಿರಿ, ಆದರೆ ಬೇರೆ ಕೆಲಸಕ್ಕೆ.

"ಮಗಳೇ, ನಾಳೆ ಮೂಲೆಮನೇಲಿ ಮದುವೆ. ದಿಬ್ಬಣ ಇದೇ ಬೀದೀಲಿ ಬರತ್ತೆ. ಬೀಗರು ಮಾರ್ಗಿಲಾನ್ ಊರಿನೋರು. ಅವರ ಕಣ್ಣಿಗೆ ಇದು ಬೀಳಬೇಕಾ?"

"ಬೀಳಲಿ ಬಿಡಿ ಹಿರಿಯರೇ. ಬರೆದೋನಿಗೇ ಇಲ್ಲದ ನಾಚಿಕೆ ನಂಗ್ಯಾಕೆ? ಬರೆದೋನೇ ಬಂದು ಅಳಿಸ್ಲಿ. ಅಲ್ಲೀವರೆಗೂ ಇರ್ಲಿ."

"ನಾಚಿಕೆ ನಿಂದಲ್ಲಮ್ಮ. ಮೊಹಲ್ಲಾದ್ದು."

"ಹಾಗಿದ್ರೆ ಮೊಹಲ್ಲಾನೇ ಬಂದು ಬಣ್ಣ ಹೊಡೀಲಿ."

"ನಿನ್ನ ನಾಲಿಗೆ ಇದೆಯಲ್ಲ, ಆ ಮೊಳೆಗಿಂತ ಚೂಪು ಅದು" ಎಂದು ನೀವು ನಕ್ಕಿರಿ. ಸಂಜೆಗೆ ನಿಮ್ಮ ಮನೆಯಿಂದ ಒಂದು ಹತ್ತಿಯ ಕೌದಿ ಬಂತು, ಕಾರಿಗೆ ಹೊದಿಸಲು. ನಾನೇ ಹೊದಿಸಿದೆ. ಮರುದಿನ ಕಹಳೆ ಊದಿಕೊಂಡು ಬಂದ ದಿಬ್ಬಣದವರು, ಜ್ವರ ಬಂದ ಎಮ್ಮೆಯಂತೆ ಕೌದಿ ಹೊದ್ದು ನಿಂತ ಕಾರನ್ನು ಕಂಡು, ಒಬ್ಬೊಬ್ಬರಾಗಿ ಅಂಚು ಎತ್ತಿ ನೋಡಿದರು. ಮುಚ್ಚದೆ ಬಿಟ್ಟಿದ್ದರೆ ಅರ್ಧದಷ್ಟು ಮಂದಿ ಓದದೆ ಹೋಗುತ್ತಿದ್ದರೇನೋ.

ಆಮೇಲೆ ನಮ್ಮ ಅಂಗಳದಲ್ಲಿ ರಾಜಿ ನಡೆಯಿತು. ಒದಿಲ್‌ಜಾನ್ ತನ್ನ ತಾಯಿಯ ಜೊತೆ ಬಂದ. ಬಟ್ಟೆಯಲ್ಲಿ ಸುತ್ತಿದ ಎರಡು ರೊಟ್ಟಿ ತಂದಿದ್ದ. ನೀವು ರೊಟ್ಟಿ ಮುರಿದಿರಿ. ನೆರೆಮನೆಯವನು ದೂರದ ಬಂಧುವಿಗಿಂತ ಮೇಲು ಎಂದಿರಿ. ನಮ್ಮ ತಂದೆ ಎಂಥ ಸಜ್ಜನರಾಗಿದ್ದರೆಂದು ಹೇಳಿದಿರಿ, ಅದು ನಿಜ. ಚಹಾದ ನಡುವೆ ಆಡಿದ ಆ ಬಣ್ಣ-ಚರ್ಮದ ಮಾತೊಂದನ್ನು ಬಿಟ್ಟರೆ ಗೀಚಿದ ವಿಷಯ ಬರಲೇ ಇಲ್ಲ. ಅದಕ್ಕೆ ಇನ್ನೂ ಸಮಯವಿದೆಯೆಂದು ನಾವು ಕಾಯುತ್ತಿದ್ದೆವು. ಅಷ್ಟರಲ್ಲಿ ನೀವು ಪ್ರಾರ್ಥನೆಗೆ ಎರಡೂ ಅಂಗೈ ಬಿಡಿಸಿದಿರಿ. ದೇವರು ಈ ಮನೆಗೆ ಬರಕತ್ತು ಕೊಡಲಿ, ಮಕ್ಕಳು ಆರೋಗ್ಯವಾಗಿರಲಿ, ಜಗಳ ಈ ಹೊಸ್ತಿಲಿನಾಚೆಗೇ ಉಳಿಯಲಿ. ನನ್ನ ಅಂಗೈ ಬಿಡಿಸಿಕೊಂಡದ್ದು ನನಗೇ ತಿಳಿಯಲಿಲ್ಲ. ಅಕ್ಕ ಚಹಾ ಬಗ್ಗಿಸುತ್ತಿದ್ದಳು. ಅವಳೂ ಕೆಟಲನ್ನು ಕೆಳಗಿಟ್ಟು ಕೈ ಬಿಡಿಸಿದಳು. ಹಾಗೆಯೇ ಆಗಲಿ ಎಂದು ಎಲ್ಲರ ಜೊತೆ ಅವಳೂ ಮುಖ ಸವರಿಕೊಂಡಳು. "ಒಮಿನ್."

ನೀವು ಎದ್ದಿರಿ.

"ಹಿರಿಯರೇ, ನಾನಿನ್ನೂ ಏನೂ ಹೇಳೇ ಇಲ್ಲವಲ್ಲ" ಎಂದಳು ಅಕ್ಕ.

"ಒಮಿನ್ ಆಯ್ತಲ್ಲ ಮಗಳೇ. ನೀನೂ ಅಂದೆ. ನಾನೇ ನೋಡಿದೆ."

"ನಾನು ಅದು ರೊಟ್ಟಿಗೆ ಅಂದ್ಕೊಂಡೆ."

"ಒಮಿನ್‌ನ ಹರಿದು ಹಂಚೋಕಾಗತ್ತಾ, ಇಷ್ಟು ರೊಟ್ಟಿಗೆ, ಇಷ್ಟು ಜಗಳಕ್ಕೆ ಅಂತ?"

ಎಲ್ಲರೂ ನಕ್ಕರು. ಒದಿಲ್‌ಜಾನ್ ಬಟ್ಟಲು ಮುಂದೆ ಚಾಚಿ, "ಅಕ್ಕಾ, ಇನ್ನೊಂದು ಸ್ವಲ್ಪ" ಎಂದ. ಆ ಇಡೀ ರಾಜಿಯಲ್ಲಿ ಅವನು ನನ್ನ ಅಕ್ಕನಿಗೆ ಹೇಳಿದ ಮಾತು ಅದೊಂದೇ. ಅವಳು ಬಗ್ಗಿಸಿ ಕೊಟ್ಟಳು.

ನಾವು ಹುಟ್ಟಿದಾಗಿನಿಂದ, ಎದುರಿನವರು ಅಂಗೈ ಬಿಡಿಸಿದರೆ ಅಂಗೈ ಬಿಡಿಸಿದವರು. ಊಟ ಮುಗಿದರೂ, ಪ್ರಯಾಣ ಹೊರಟರೂ, ಬಸ್ಸು ಸ್ಮಶಾನದ ಪಕ್ಕ ಹಾದರೂ ಕೈ ತಾನಾಗಿ ಮುಖಕ್ಕೆ ಹೋಗುತ್ತದೆ. ಅದು ಒಪ್ಪಿಗೆಯೇ? ರೆಪ್ಪೆ ಬಡಿದರೆ ಅದೂ ಸಹಿಯೇ? ನಿಮ್ಮ ಬುದ್ಧಿವಂತಿಕೆಯ ಬಗ್ಗೆ ನನಗೆ ಗೌರವವಿದೆ. ನಮ್ಮ ಬಾಯಿಂದ ಹೊರಡುವುದಕ್ಕೆ ಕಾಯುತ್ತ ಕೂರದೆ, ನಮ್ಮ ಕೈಗಳಿಂದಲೇ ನೇರವಾಗಿ ಕ್ಷಮೆ ವಸೂಲಿ ಮಾಡಿದಿರಿ. ಠಾಣೆಗೆ ಮತ್ತೆ ಹೋದಾಗ ಅಧಿಕಾರಿ ಫೋನಿನಲ್ಲಿ ನಿಮ್ಮನ್ನು ವಿಚಾರಿಸಿ, "ನಿಮ್ಮಲ್ಲಿ ಒಮಿನ್ ಆಗಿದೆಯಂತಲ್ಲ" ಎಂದು ಬಾಗಿಲು ತೋರಿಸಿದರು.

ಉಳಿದದ್ದು ಬಣ್ಣ. ನಿಮ್ಮ ಮಾತಿನ ಪ್ರಕಾರ ಅತಿ ಸಣ್ಣ ಭಾಗ.

ಬರೆದವನು ಅಳಿಸಲು ಬರುವುದಿಲ್ಲವೆಂದು ಖಚಿತವಾದ ಮೇಲೆ ಅಕ್ಕ ಕಾರನ್ನು ಬಣ್ಣ ಹೊಡೆಯುವ ಹಕ್ನಜರ್ ಉಸ್ತಾದನ ಶೆಡ್ಡಿಗೆ ಒಯ್ದಳು. ಅವನ ಹೆಗ್ಗಳಿಕೆ ನಿಮಗೆ ಗೊತ್ತೇ ಇದೆ. "ನನ್ನ ಕೈ ಬಿದ್ದ ಮೇಲೆ ಕಾರು ಮಾಡಿದೋರಿಗೂ ಗುರುತು ಸಿಗಲ್ಲಕ್ಕ." ಮದುವೆಯ ಕಾಲ, ಶೆಡ್ಡಿನ ಮುಂದೆ ಕಾರುಗಳ ಸಾಲು. ಅವನು ಮರಳುಕಾಗದದಿಂದ ತಗಡು ಕಾಣುವವರೆಗೆ ಉಜ್ಜಿ, ಗೀರುಗಳಿಗೆ ಪುಟ್ಟಿ ತುಂಬಿ, ಅದು ಸರಿಯಾಗಿ ಒಣಗುವ ಮುಂಚೆಯೇ ಬಿಳಿ ಬಣ್ಣ ಚಿಮುಕಿಸಿ ಮೇಲೊಂದು ಹೊಳಪು ಬಳಿದು ಕಳಿಸಿಬಿಟ್ಟ. ಕೆಲವು ವಾರ ಎಲ್ಲ ಸರಿಯಿತ್ತು. ಬಿಸಿಲು ಏರಿದಂತೆ ಪುಟ್ಟಿ ಒಳಗೊಳಗೇ ಕುಗ್ಗಿತು. ಒಂದು ಬೆಳಗ್ಗೆ ಓರೆಯಾಗಿ ಬಿದ್ದ ಬೆಳಕಿನಲ್ಲಿ ಅದೇ ಪದ ಅದೇ ಅಕ್ಷರಗಳಲ್ಲಿ, ಈ ಸಲ ಬಿಳಿಯ ಮೇಲೆ ಬಿಳಿಯಾಗಿ ಎದ್ದು ನಿಂತಿತ್ತು. ಮೊಳೆಯ ಒರಟುತನವೆಲ್ಲ ಹೋಗಿ ಅಚ್ಚುಕಟ್ಟಾಗಿ, ಕಾರ್ಖಾನೆಯಿಂದಲೇ ಕೆತ್ತಿಸಿಕೊಂಡು ಬಂದಂತೆ.

"ಬಿಸಿಲು ಅಕ್ಕ. ಬಿಸಿಲಿಗೆ ಯಾರೇನ್ ಮಾಡೋಕಾಗತ್ತೆ?" ಎಂದ ಉಸ್ತಾದ. ನಮ್ಮ ಊರಿನಲ್ಲಿ ಯಾರೂ ಮಾಡದ ತಪ್ಪುಗಳಿಗೆಲ್ಲ ಹೊಣೆ ಹೊರಲು ಬಿಸಿಲೊಂದಿದೆ.

ಎರಡನೆಯ ಸಲ ಅವನು ಎರಡೂ ಬಾಗಿಲುಗಳನ್ನು ಪೂರ್ತಿ ಕೆರೆದು ಹೊಸದಾಗಿ ಬಳಿದ. ಪದ ಹೋಯಿತು. ಆದರೆ ಹಾಲಿನ ಪಕ್ಕ ಸುಣ್ಣ ಇಟ್ಟಂತೆ ಆ ಎರಡು ಬಾಗಿಲುಗಳು ಬೇರೆಯೇ ಬಿಳಿ.

"ದೂರ ನಿಂತು ನೋಡಿ, ಏನೂ ಗೊತ್ತಾಗಲ್ಲ" ಎಂದ.

"ಎಷ್ಟು ದೂರ ಉಸ್ತಾದ್?"

"ಅಗೋ, ಆ ಹಿಪ್ಪುನೇರಳೆ ಮರದ ಹತ್ರ."

"ನನ್ನ ಗಿರಾಕಿಗಳು ಅಲ್ಲಿಂದ ಹತ್ತಲ್ವಲ್ಲಪ್ಪ" ಎಂದಳು ಅಕ್ಕ. ಅವಳು ನಗುತ್ತ ಆಡಿದ ಕೊನೆಯ ಮಾತು ಅದೇ ಇರಬೇಕು.

ಪದ ಇದ್ದಾಗ ಅದನ್ನು ಓದಬೇಕಿತ್ತು. ಈಗ ಓದುವ ಅಗತ್ಯವೂ ಇಲ್ಲ. ಎರಡು ಬಿಳಿಯ ಕಾರು ದೂರದಲ್ಲಿ ಕಂಡರೆ ಸಾಕು, ಸ್ಟ್ಯಾಂಡಿನವರು ಒಬ್ಬರನ್ನೊಬ್ಬರು ನೋಡುತ್ತಾರೆ. ಫೋನು ಬರುವುದು ಕಡಿಮೆಯಾಯಿತು. "ಅತ್ತೆ ಬೇಡ ಅಂದ್ರಕ್ಕ, ಬೇಜಾರ್ ಮಾಡ್ಕೋಬೇಡಿ" ಎಂದು ಒಬ್ಬಳಾದರೂ ನಿಜ ಹೇಳಿದಳು. ನಿಮ್ಮ ಮನೆಯವರು ಬಸ್ಸಿಗೆ ಕಾಯುವುದನ್ನು ನಾನು ಕಂಡಿದ್ದೇನೆ. ಅಕ್ಕನ ಕಾರು ಖಾಲಿಯಾಗಿ ಹಾದುಹೋದಾಗ ಅವರು ಎದೆಯ ಮೇಲೆ ಕೈಯಿಟ್ಟು ತಲೆಬಾಗಿ ವಂದಿಸಿದರು. ಅಷ್ಟು ಮರ್ಯಾದೆಯಿಂದ ನಮ್ಮನ್ನು ಬಿಟ್ಟುಬಿಡುವುದು ನಿಮ್ಮ ಮನೆತನಕ್ಕೆ ಮಾತ್ರ ಸಾಧ್ಯ.

ಕಡೆಗೆ ಭಾನುವಾರದ ಕಾರುಸಂತೆಗೆ ಹೋದೆವು. ನಮ್ಮಲ್ಲಿ ಕಾರು ಕೊಳ್ಳುವವನು ಎಂಜಿನ್ನಿಗಿಂತ ಮೊದಲು ಬಣ್ಣ ನೋಡುತ್ತಾನೆ. "ಬಣ್ಣ ಮುಟ್ಟಿಲ್ಲ" ಎನ್ನುವುದಕ್ಕಿಂತ ದೊಡ್ಡ ಹೊಗಳಿಕೆಯಿಲ್ಲ. ಹೆಣ್ಣು ನೋಡಲು ಹೋದ ಮನೆಯಲ್ಲಿ ನಾವು ವಿಚಾರಿಸುವ ದನಿಯೂ ಇದೇ. ಒಬ್ಬ ಬಂದು ಬಣ್ಣದ ದಪ್ಪ ಅಳೆಯುವ ಬೆರಳಿನಷ್ಟು ಯಂತ್ರವನ್ನು ಬಾಗಿಲಿಗೆ ಒತ್ತಿ, ಅದು ತೋರಿಸಿದ್ದನ್ನು ನೋಡಿ ತುಟಿ ಸೊಟ್ಟ ಮಾಡಿದ.

"ಇದು ಮತ್ತೆ ಬಣ್ಣ ಹೊಡ್ಸಿದ್ದು. ಆಕ್ಸಿಡೆಂಟಾ ಅಕ್ಕ?"

"ಅಲ್ಲ."

"ಮತ್ತೆ?"

ಅಕ್ಕ ಬಾಗಿಲು ಒರೆಸತೊಡಗಿದಳು. ಅವನು ಮುಂದಿನ ಕಾರಿಗೆ ಹೋದ. ಆಕ್ಸಿಡೆಂಟ್ ಅಂತಲೇ ಹೇಳಿಬಿಡು ಎಂದು ನಾನಂದೆ. "ಎಲ್ಲಾಯ್ತು ಅಂತ ಕೇಳ್ತಾರೆ ಕಣೋ. ಮನೆ ಮುಂದೆ, ಕಾರು ನಿಂತಿದ್ದಾಗ ಅನ್ಲಾ?" ಎಂದಳು.

ಕಾರು ಇನ್ನೂ ಮಾರಾಟವಾಗಿಲ್ಲ. ಮುಂದಿನ ಭಾನುವಾರ ಮತ್ತೆ ಹೋಗುತ್ತೇವೆ. ಸಿಕ್ಕಿದ್ದಕ್ಕೆ ಕೊಟ್ಟು, ಅಕ್ಕ ಮದುವೆ ಅಡುಗೆಯವರ ಜೊತೆ ಪುಲಾವಿಗೆ ಕ್ಯಾರೆಟ್ ಹೆಚ್ಚಲು ಹೋಗುತ್ತಾಳಂತೆ. ಅಲ್ಲಿ ಬಾಗಿಲುಗಳಿಲ್ಲ ಎನ್ನುತ್ತಾಳೆ.

ನಿನ್ನೆ ಮಧ್ಯಾಹ್ನ ಗೋಡೆಯಾಚೆಯಿಂದ ಒಂದು ದನಿ ಬಂತು. ಒದಿಲ್‌ಜಾನನ ಹೆಂಡತಿ, ತುಂಬು ಬಸುರಿ. ಹುಡುಗಿ ದೂರದ ಹಳ್ಳಿಯವಳು. ಮನೆಯಿಂದ ಹೊರಗೆ ಹೆಚ್ಚು ಬರುವವಳಲ್ಲ. "ಅಕ್ಕಾ, ಇದ್ದೀರಾ? ನನಗಿನ್ನು ದಿನ ಹತ್ರ ಬಂತು. ಆಸ್ಪತ್ರೆಗೆ ನೀವೇ ಕರ್ಕೊಂಡು ಹೋಗ್ತೀರಲ್ವಾ? ಅವರ ಕಾರಲ್ಲಿ ಬೇಡ. ಗಂಡಸರ ಮುಂದೆ ಕಿರುಚೋಕೂ ನಾಚಿಕೆ." ಅಕ್ಕ ಬಟ್ಟೆ ಹಿಂಡುತ್ತಿದ್ದವಳು ಎದ್ದು ಗೋಡೆಯ ಹತ್ತಿರ ಹೋದಳು. ನಾನು ಕಿಟಕಿಯ ಒಳಗಿದ್ದೆ. ಅವಳ ಬೆನ್ನು ಕಾಣುತ್ತಿತ್ತು, ಮಾತು ಕೇಳಿಸಲಿಲ್ಲ.

ಆದ್ದರಿಂದ ಅಧ್ಯಕ್ಷರೇ, ನನ್ನ ಬೇಡಿಕೆ ಸಣ್ಣದು. ಭಾನುವಾರದೊಳಗೆ ಒಂದು ದಿನ, ಹಾಡಹಗಲಿನಲ್ಲಿ, ನೀವು ನನ್ನ ಅಕ್ಕನ ಕಾರಿನಲ್ಲಿ ಅವಳ ಪಕ್ಕದ ಸೀಟಿನಲ್ಲಿ ಕೂರಬೇಕು. ಗಾಜು ಇಳಿಸಿರಬೇಕು. ಸ್ಟ್ಯಾಂಡಿನ ಎದುರು ಕಾರು ನಿಲ್ಲಿಸಿ, ಈ ಬಾಗಿಲ ಮೇಲೆ ಯಾರು ಬರೆದರು ಎಂಬುದನ್ನು ಹೆಸರು ಹಿಡಿದು ಹೇಳಬೇಕು. ಆಮೇಲೆ ಬಜಾರಿನ ನಡುವೆ ಹಾದು ಮನೆಗೆ ಬರಬೇಕು. ಚಹಾ ಬೇಡ, ರೊಟ್ಟಿ ಬೇಡ, ಪ್ರಾರ್ಥನೆಯೂ ಬೇಡ. ನೀವು ಬರುವುದಿಲ್ಲವೆಂದು ಗೊತ್ತು. ನಿಮಗೆ ಮೊಣಕಾಲು ನೋವು, ಮೊಹಲ್ಲಾದಲ್ಲಿ ಇನ್ನೊಂದು ಮದುವೆ, ಇನ್ನೊಂದು ರಾಜಿ. ಆದರೂ ನಾವು ಕೇಳಿಕೊಳ್ಳಲೇ ಇಲ್ಲ ಎಂದು ನಾಳೆ ನೀವು ಅನ್ನಬಾರದು.

ಇಂತಿ,
ಸದ್ಯಕ್ಕೆ ಆ ಕಾರಿನ ಏಕೈಕ ಪ್ರಯಾಣಿಕ,
ನುಸ್ರತಿಲ್ಲೊ

ಕೊನೆಗೊಂದು ಮಾತು, ಇದು ಅಧ್ಯಕ್ಷರಿಗಲ್ಲ, ಈ ಪತ್ರಿಕೆಯನ್ನು ಎಂದೂ ಓದದವಳಿಗೆ. ಅಕ್ಕಾ, ಗೋಡೆಯ ಹತ್ತಿರ ನಿಂತು ಆ ಹುಡುಗಿಗೆ ನೀನು ಏನು ಹೇಳಿದೆ?