ಉಪ್ಪಿಲ್ಲದ ಊಟ

ಜೂನ್ 3

ಬಾಸ್ಕೋ ಇವತ್ತೂ ತಟ್ಟೆ ಮುಟ್ಟಲಿಲ್ಲ. ನೀರು ಮಾತ್ರ ಎಷ್ಟಿಟ್ಟರೂ ಸಾಲದು. ಮುದಿ ನಾಯಿ, ಮೈಯೆಲ್ಲ ಮೂಳೆ. ನಮ್ಮ ಚೋಮಾ ಊರಿನ ಜೂನ್ ಚಳಿ ಬೇರೆ... ಹೊದಿಕೆಯಲ್ಲಿ ಸುತ್ತಿ ಪಶುವೈದ್ಯೆ ಹಮೂಂಗಾ ಹತ್ತಿರ ಹೊತ್ತುಕೊಂಡು ಹೋದೆ. ರಕ್ತ ನೋಡಿದರು. ಕಿಡ್ನಿ ಕೆಟ್ಟಿದೆಯಂತೆ.

"ಏನ್ ಹಾಕ್ತಿದ್ದೀರಮ್ಮ ಇದಕ್ಕೆ?"

"ನ್ಶಿಮಾ ಮುದ್ದೆ, ಒಣ ಕಪೆಂಟಾ ಮೀನು. ಅಂಗಡಿ ಪ್ಯಾಕೆಟ್ಟೂ ತಂದೆ, ಮುದಿ ನಾಯಿಗೆ ಅಂತ ಬರ್ದಿತ್ತು."

"ವಯಸ್ಸು ನೋಡಿ ತಂದಿದ್ದೀರಿ, ಕಾಯಿಲೆ ನೋಡಿ ತರಬೇಕಿತ್ತು. ಒಣಮೀನು, ಮೂಳೆ, ಉಪ್ಪು — ಮೂರೂ ಬೇಡ."

ಕಿಡ್ನಿ ಕಾಯಿಲೆಯ ಆಹಾರ ಲುಸಾಕಾದಿಂದಲೇ ಬರಬೇಕು.

ಜೂನ್ 8

ಪಕ್ಕದ ಮನೆಯ ಮುದುಕ ಮ್ವೀಂಬಾ ಲುಸಾಕಾದಲ್ಲಿ ಎಲೆಕೋಸು ಮಾರಿ ಬರುವಾಗ ಪಿಕಪ್ಪಿನಲ್ಲಿ ಪ್ಯಾಕೆಟ್ ತಂದುಕೊಟ್ಟ. ಬಾಸ್ಕೋ ಮೂಸಿತು, ಮುಖ ತಿರುಗಿಸಿತು, ಗೇಟಿಗೆ ಹೋಗಿ ಮಲಗಿತು. ನನ್ನ ಗಂಡ ಚೂಲ್ವೆ ಮನೆ ಬಿಟ್ಟು ಹೋಗಿ ಹನ್ನೊಂದು ತಿಂಗಳು. ನನಗೆ ಒಂದು ಮಾತೂ ಹೇಳದೆ ದೂರದ ಮಜಬುಕಾ ಪಟ್ಟಣದಲ್ಲಿ ಟ್ರ್ಯಾಕ್ಟರ್ ರಿಪೇರಿ ಕೆಲಸ ಒಪ್ಪಿಕೊಂಡ. ಹೋಗೋನು ಮತ್ತೆ ಬರಬೇಡ ಅಂದೆ. ಬರಲಿಲ್ಲ.

ನಾಯಿ ಗೇಟಿಗೆ ಮುಖ ಮಾಡಿ ಮಲಗುತ್ತದೆ. ನಾನು ಬೆನ್ನು ಮಾಡಿ. ಅಷ್ಟೇ ವ್ಯತ್ಯಾಸ.

"ಊಟ ಬಿಟ್ಟಿರೋದು ಕಿಡ್ನಿಗೋ, ಯಜಮಾನನಿಗೋ?" ಎಂದ ಮ್ವೀಂಬಾ. "ಒಂದ್ ಫೋನ್ ಮಾಡಮ್ಮ ಲ್ವೀಂಡೊ. ನಾಲಿಗೆ ಏನೂ ಸವೆಯಲ್ಲ."

ಜೂನ್ 9, ಸಂಜೆ

ಮಾಡಿದೆ.

"ಬಾಸ್ಕೋಗೆ ಹುಷಾರಿಲ್ಲ. ಏನ್ ಮಾಡಿದ್ರೆ ತಿಂತಾನೆ?"

ಆ ಕಡೆ ಯಾವುದೋ ಎಂಜಿನ್ ಆರಿಸಿದ ಸದ್ದು.

"ಬೆಚ್ಚಗೆ ಮಾಡ್ಕೊಡು. ತಣ್ಣಗಿದ್ರೆ ಮೂಸಿ ಬಿಟ್ಬಿಡ್ತಾನೆ ದೊರೆ."

ಆಮೇಲೆ ಪಥ್ಯ ಏನು ಎಂದು ಕೇಳಿದ. ಹೇಳಿದೆ. "ಸ್ವಲ್ಪ ನಿಧಾನ, ಬರ್ಕೊತೀನಿ" ಎಂದ. ಮಾಂಸ ಎಷ್ಟು? ಮೊಟ್ಟೆಯ ಬಿಳಿ ಆಗುತ್ತಾ? ಮನೆಯಲ್ಲಿದ್ದಾಗ ಒಲೆಯ ಕಡೆ ತಿರುಗಿಯೂ ನೋಡದವನು.

ಜೂನ್ 10

ಪ್ಯಾಕೆಟ್ಟಿನ ಕಾಳು ಬಿಸಿನೀರಲ್ಲಿ ನೆನೆಸಿ, ಮೇಲೆ ಮೆತ್ತನೆ ಅನ್ನ, ಮೊಟ್ಟೆಯ ಬಿಳಿ. ನಾಲ್ಕು ತುತ್ತು ತಿಂದಿತು! ತಕ್ಷಣ ಚೂಲ್ವೆಗೆ ಹೇಳಿದೆ.

"ನಾಲ್ಕಾ? ಎಣಿಸಿದ್ಯಾ?" ನಕ್ಕ.

ಆ ನಗು. ಫೋನ್ ಇಟ್ಟ ಮೇಲೂ ಕಿವಿಯಿಂದ ಕೈ ತೆಗೆಯಲಿಲ್ಲ.

ಜೂನ್ 21

ದಿನಾ ಫೋನ್. ನಾಯಿಯ ಮಾತು ಮಾತ್ರ. ಬೇರೇನಾದರೂ ಕೇಳಲಿ ಎಂದು ಕಾಯುತ್ತೇನೆ. ಕೇಳುವುದಿಲ್ಲ, ನಾನೂ ಹೇಳುವುದಿಲ್ಲ.

ಇವತ್ತು ಕೇಳಿದ: "ಉಪ್ಪಿಲ್ದೆ ಕುಂಬಳಕಾಯಿಗೆ ರುಚಿ ಹೆಂಗೆ ಬರುತ್ತೆ?"

"ನಾಯಿಗೆ ಯಾಕಪ್ಪ ರುಚಿ?"

"ನಾಯಿಗಲ್ಲ."

ಪಾತ್ರೆ ಸರಿಸಿದ ಸದ್ದು. ಆಮೇಲೆ — "ನಂಗೂ ಅದೇ ಕಾಯಿಲೆ ಕಣೆ. ಮಾರ್ಚಿಂದ."

"ಯಾಕ್ ಹೇಳ್ಲಿಲ್ಲ?"

"ನೀನೇ ಬರಬೇಡ ಅಂದಿದ್ದೆ. ಕಾಯಿಲೆ ಹೊತ್ಕೊಂಡು ಬಂದಿದ್ರೆ ಭಿಕ್ಷೆ ಬೇಡಿದಂಗೆ ಆಗ್ತಿತ್ತು."

ಫೋನ್ ಹಿಡಿದೇ ಅಡುಗೆಮನೆಗೆ ಹೋಗಿ ಕುಂಬಳಕಾಯಿ ಕೆಳಗಿಳಿಸಿದೆ. ಅವನೂ ಫೋನ್ ಇಡಲಿಲ್ಲ.

ಜೂನ್ 22, ಬೆಳಿಗ್ಗೆ

ಎರಡು ಪಾತ್ರೆ. ಒಂದರಲ್ಲಿ ಬಾಸ್ಕೋದು. ಇನ್ನೊಂದರಲ್ಲಿ ಕುಂಬಳಕಾಯಿ — ನಿಂಬೆ, ಶುಂಠಿ ಹಾಕಿ. ಮೂರು ಸಲ ರುಚಿ ನೋಡಿದೆ. ಉಪ್ಪಿನ ಡಬ್ಬಿಯ ಕಡೆ ಹೋದ ಕೈಯನ್ನು ಹಿಂದಕ್ಕೆಳೆದುಕೊಂಡೆ.

ಮ್ವೀಂಬಾ ಪಿಕಪ್ ಬಾಗಿಲು ತೆರೆದ. "ಎಲೆಕೋಸು, ನಾಯಿ, ಮುನಿದ ಹೆಂಡ್ತಿ — ಇವತ್ತು ಭರ್ಜರಿ ಲೋಡು!"

ಮಧ್ಯಾಹ್ನ, ಮಜಬುಕಾ

ಅವನ ಕೋಣೆ. ಎಷ್ಟು ಸೊರಗಿದ್ದಾನೆ... ಅಂಗಿ ಹೆಗಲಿಂದ ಜಾರುತ್ತದೆ, ಪಾದ ಊದಿದೆ. ಬಾಸ್ಕೋ ನನ್ನ ತೋಳಿಂದ ತಾನಾಗಿ ಇಳಿದು ಅವನ ಮೊಣಕಾಲಿಗೆ ತಲೆಯಿಟ್ಟಿತು. ಅದರ ಮುಖವನ್ನು ಎರಡೂ ಕೈಯಲ್ಲಿ ಹಿಡಿದ. ನನ್ನನ್ನು ನೋಡಲು ಧೈರ್ಯ ಸಾಲಲಿಲ್ಲ ಅಂತ ಕಾಣುತ್ತದೆ.

ಬಡಿಸಿದೆ. ಅಗಿದ.

"ಸಪ್ಪೆ," ಎಂದ. ಮತ್ತೆ ಹಾಕಿಸಿಕೊಂಡ. ಪಕ್ಕದಲ್ಲಿ ಬಾಸ್ಕೋ ತಟ್ಟೆ ನೆಕ್ಕಿತು.

ಇಬ್ಬರಿಗೂ ಎಷ್ಟು ದಿನವೋ, ಯಾವ ಡಾಕ್ಟರೂ ಹೇಳುವುದಿಲ್ಲ. ಇರುವಷ್ಟು ದಿನ ನನ್ನ ಒಲೆ ಇದೆ. ಅದನ್ನೇ ಹೇಳಬೇಕು. ಅವನು ಹೊರಗೆ ತಟ್ಟೆ ತೊಳೆಯುತ್ತಿದ್ದಾನೆ, ಅದಕ್ಕೇ ಇಷ್ಟು ಬರೆದೆ. ಬಂದ. ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತಿದ್ದಾನೆ.

"ಏನ್ ಬರೀತಿದ್ದೀಯ?"

ಈಗ ಹೇಳುತ್ತೇನೆ. ಮನೆಗೆ —